ವೇಗ ಹೆಚ್ಚಿಸಿದಾಗ ಕಾರು ಮುಗ್ಗರಿಸುವುದೇಕೆ?

ಹರಿಹರದಿಂದ ಮಲೇಬೆನ್ನೂರಿನ ಕಡೆಗೆ ಹೊರಟರೆ ಭದ್ರಾ ಕಾಲುವೆಯ ನೀರುಂಡ ಭತ್ತದ ಬಯಲು ಕಾಣುತ್ತದೆ. ಸುಗ್ಗಿಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರುಗಳು ಆ ದಾರಿಯಲ್ಲಿ ಮೆಲ್ಲನೆ ಸಾಗುತ್ತವೆ. ಅಂಥದೊಂದನ್ನು ಹಿಂದೆ ಹಾಕಲೆಂದು ಚಾಲಕನು ಆಕ್ಸಿಲರೇಟರನ್ನು ಒತ್ತುತ್ತಾನೆ. ಅದುವರೆಗೆ ಸುಗಮವಾಗಿ ಓಡುತ್ತಿದ್ದ ಕಾರು ಆ ಕ್ಷಣದಲ್ಲೇ ಮುಗ್ಗರಿಸಿದರೆ? ಎದುರಿನಿಂದ ಲಾರಿ ಬರುತ್ತಿದ್ದರೆ ಪ್ರಾಣಕ್ಕೇ ಸಂಚಕಾರ.

ನಿಂತಾಗ ಇಲ್ಲದ ದೋಷ ಆಗ ಮಾತ್ರ ತೋರುವುದೇಕೆ? ಉತ್ತರವನ್ನು ಲೆಕ್ಕದಲ್ಲಿ ನೋಡೋಣ. 1000 ಕಿಲೋಗ್ರಾಂ ತೂಗುವ ಕಾರಿನ ವೇಗವು 10 ಸೆಕೆಂಡುಗಳಲ್ಲಿ ಗಂಟೆಗೆ 36 ಕಿಲೋಮೀಟರಿನಿಂದ 72 ಕಿಲೋಮೀಟರಿಗೆ ಏರಲಿ. ವೇಗವು ಎರಡು ಪಟ್ಟಾದರೆ ಚಲನಶಕ್ತಿಯು ನಾಲ್ಕು ಪಟ್ಟಾಗುತ್ತದೆ. ಇಲ್ಲಿ ಅದು 50 ಕಿಲೋಜೂಲಿನಿಂದ 200ಕ್ಕೆ ಏರುತ್ತದೆ. ಎಂದರೆ, ಗಾಳಿಯ ತಡೆಯನ್ನು ಬಿಟ್ಟರೂ, ಎಂಜಿನು ಸರಾಸರಿ 15 ಕಿಲೋವಾಟ್, ಸುಮಾರು 20 ಅಶ್ವಶಕ್ತಿಯನ್ನು, ಹೆಚ್ಚಾಗಿ ಒದಗಿಸಬೇಕು.

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಇಂದು ಮುಚ್ಚಿಹೋಗಿದೆ. ಆದರೆ ಲೇತಿನ ಪಾಠ ಇಲ್ಲಿಗೂ ಸಲ್ಲುತ್ತದೆ. ಬರಿದೆ ತಿರುಗುವಾಗ ಅಡಗಿದ್ದ ಸಡಿಲವು, ಉಳಿಯು ಉಕ್ಕನ್ನು ಕಚ್ಚಿದೊಡನೆ ಅದುರುವಿಕೆಯಾಗಿ ಹೊರಬೀಳುತ್ತದೆ. ಹೊರೆಯೇ ದೋಷವನ್ನು ಬಯಲಿಗೆಳೆಯುತ್ತದೆ.

ಪೆಟ್ರೋಲ್ ಎಂಜಿನಿಗೆ ಬೇಕಾದುವು ಮೂರು: ಗಾಳಿ, ಇಂಧನ, ಕಿಡಿ. 1 ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಧೂಳು ತುಂಬಿದ ಗಾಳಿಯ ಶೋಧಕವಾಗಲಿ, ಕೊಳೆ ಕಟ್ಟಿದ ಇಂಧನದ ಶೋಧಕವಾಗಲಿ, ನಿಂತ ಕಾರಿಗೆ ಬೇಕಾದಷ್ಟನ್ನು ಬಿಟ್ಟೀತು. ಹೊರೆ ಬಿದ್ದಾಗ ಸಾಲದು. ಕಿಡಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಆಕ್ಸಿಲರೇಟರನ್ನು ಒತ್ತಿದಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚುತ್ತದೆ. ದಟ್ಟವಾದ ಅನಿಲದಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕು. ಆದುದರಿಂದಲೇ ಹೊರಗಿನ ಗಾಳಿಯಲ್ಲಿ ಚೆನ್ನಾಗಿ ಕಿಡಿ ಕೊಡುವ ಸವೆದ ಪ್ಲಗ್ಗು ಒಳಗೆ ಸೋಲಬಹುದು.

ಎಲ್ಲ ದೋಷವೂ ಎಂಜಿನಿನದಲ್ಲ. ಎಂಜಿನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿರಬಹುದು. ತಿರುವಿನಲ್ಲಿ ವೇಗ ಹೆಚ್ಚಿಸಿದಾಗ ಟಕಟಕ ಸದ್ದಾದರೆ, ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳಲ್ಲಿ, ಚಕ್ರದ ಬಳಿಯ ಆಕ್ಸಲಿನ ಕೀಲನ್ನು ನೋಡಬೇಕು. ಡೀಸೆಲ್ ಕಾರು ಕಪ್ಪು ಹೊಗೆಯುಗುಳಿದರೆ, ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲವೆಂದು ಶಂಕಿಸಬೇಕು.

ಇಂದಿನ ಕಾರುಗಳ ಕಂಪ್ಯೂಟರು "ಮೂರನೆಯ ಸಿಲಿಂಡರು ಉರಿಯುತ್ತಿಲ್ಲ" ಎಂದು ಸಂಕೇತದಲ್ಲಿ ತಿಳಿಸಬಲ್ಲದು. ಕಾರಣವನ್ನು ಮನುಷ್ಯನೇ ಹುಡುಕಬೇಕು. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇದ್ದರೆ, ಜಾಣ ಮೆಕ್ಯಾನಿಕನು ಮೂರನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡುತ್ತಾನೆ. ದೋಷವು ಎರಡನೆಯ ಸಿಲಿಂಡರಿಗೆ ಬಂದರೆ ಕಾಯಿಲೇ ಅಪರಾಧಿ. ಬಾರದಿದ್ದರೆ ಪ್ಲಗ್ಗನ್ನು ಪರೀಕ್ಷಿಸುತ್ತಾನೆ. ಒಮ್ಮೆಗೆ ಒಂದನ್ನೇ ಬದಲಿಸುವ ಈ ಕ್ರಮವು ಪ್ರಯೋಗಶಾಲೆಯದೇ ಕ್ರಮ. ಹಾಗಲ್ಲದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹಣವೂ ಹೋಗುತ್ತದೆ, ಕಾರಣವೂ ತಿಳಿಯದು.

ಎಂಜಿನಿನ ಎಚ್ಚರಿಕೆಯ ದೀಪವು ಮಿನುಗುತ್ತಿದ್ದರೆ ಮಾತ್ರ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಬಾರದು. ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆಕೊಳವೆಯ ಶುದ್ಧೀಕರಣ ಸಾಧನದಲ್ಲಿ ಉರಿದು ಅದನ್ನೇ ಕೆಡಿಸೀತು. ಟ್ರ್ಯಾಕ್ಟರಿನ ಹಿಂದೆಯೇ ನಿಧಾನವಾಗಿ ಸಾಗಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸುವುದೇ ಲೇಸು.