ಎಂಟು ರೂಪಾಯಿ ಎಂಟೇ ಆಗಿ ಉಳಿದರೆ

2015ರ ಫೆಬ್ರುವರಿ ಕೊನೆಯಲ್ಲಿ ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ದೇಶದ ಅಂಗನವಾಡಿಗಳ ಪಾಲಿನ ಮೊತ್ತ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಹಿಂದಿನ ವರ್ಷ ಸುಮಾರು 18,000 ಕೋಟಿ ರೂಪಾಯಿ ಇದ್ದದ್ದು 8,000 ಕೋಟಿ ಚಿಲ್ಲರೆಗೆ ಬಂತು. ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಮೇನಕಾ ಗಾಂಧಿ ಅವರೇ ಅದೇ ವರ್ಷ ಇದರ ಬಗ್ಗೆ ಬಹಿರಂಗವಾಗಿ ಆತಂಕ ಹೇಳಿಕೊಂಡರು: ಸುಮಾರು 27 ಲಕ್ಷ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ತಿಂಗಳ ಹಣ ಹೊಂದಿಸುವುದೇ ಪ್ರತಿ ತಿಂಗಳ ಚಿಂತೆಯಾಗಿದೆ ಎಂದು. ಪೂರಕ ಅಂದಾಜಿನಲ್ಲಿ ಹಣ ಸೇರುತ್ತಾ ಹೋಗಿ ವರ್ಷ ಮುಗಿಯುವ ಹೊತ್ತಿಗೆ ಮೊತ್ತ 15,000 ಕೋಟಿ ದಾಟಿತು. ಕಾಗದದ ಮೇಲೆ ಗಾಯ ಬಹುಮಟ್ಟಿಗೆ ಮಾಯಿತು. ಆದರೆ ಏಪ್ರಿಲ್‌ನಲ್ಲಿ ಬರಬೇಕಾದ ಹಣ ವರ್ಷದ ಕೊನೆಗೆ ಬಂದರೆ, ಏಪ್ರಿಲ್‌ನಲ್ಲಿ ಆರು ತಿಂಗಳಿದ್ದ ಕೂಸಿಗೆ ಆಗ ಒಂದೂವರೆ ವರ್ಷ ತುಂಬಿರುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಒಂದು ಹಣಕಾಸು ವರ್ಷ. ಮಗುವಿಗೋ, ಮೈ ಮಿದುಳು ಬೆಳೆಯುವ ಅವಧಿಯ ದೊಡ್ಡ ಪಾಲು.

ಖರ್ಚು ಕಡಿತ ಎಂದರೆ ಉಳಿತಾಯ ಎಂದು ನಾವು ತಿಳಿದಿದ್ದೇವೆ. ಬಹುತೇಕ ಸಂದರ್ಭಗಳಲ್ಲಿ ಅದು ಉಳಿತಾಯವಲ್ಲ, ಹೊರೆಯ ವರ್ಗಾವಣೆ. ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಇಳಿಯುತ್ತಾ ಇಳಿಯುತ್ತಾ, 'ಆಗುವುದಿಲ್ಲ' ಎನ್ನಲಾರದವರ ತಲೆಯ ಮೇಲೆ ಅದು ನಿಲ್ಲುತ್ತದೆ. ಅಂಗನವಾಡಿಯಲ್ಲಿ ಹಾಗೆ ಹೇಳಲಾಗದವರು ಇಬ್ಬರು: ಗೌರವಧನಕ್ಕೆ ದುಡಿಯುವ ಕಾರ್ಯಕರ್ತೆ ಮತ್ತು ತಟ್ಟೆ ಹಿಡಿದು ಕುಳಿತ ಮಗು. ಮೊಟ್ಟೆಯ ಮಾರುಕಟ್ಟೆ ದರ ಸರ್ಕಾರ ಕೊಡುವ ದರವನ್ನು ದಾಟಿದ ತಿಂಗಳು ಏನಾಗುತ್ತದೆ ನೋಡಿ. ಅಂಗಡಿಯವನು ದರ ಇಳಿಸುವುದಿಲ್ಲ. ಬಿಲ್ಲು ಪಾಸಾಗುವುದು ಹಳೆಯ ದರಕ್ಕೇ. ನಡುವಿನ ವ್ಯತ್ಯಾಸವನ್ನು ಆಕೆ ಒಂದೋ ಕೈಯಿಂದ ಹಾಕಬೇಕು, ಇಲ್ಲವೇ ಸಣ್ಣ ಮೊಟ್ಟೆ ತರಬೇಕು, ಇಲ್ಲವೇ ವಾರದಲ್ಲಿ ಒಂದು ದಿನ ಬಿಡಬೇಕು. ಮೂರರಲ್ಲಿ ಯಾವುದು ನಡೆದರೂ ಮೇಲಿನ ಕಡತದಲ್ಲಿ ಅದರ ಗುರುತು ಇರುವುದಿಲ್ಲ. ಅಂಗನವಾಡಿ ಟೀಚರ್ ಬಗ್ಗೆ ಊರಿಗೆ ಗೌರವವಿದೆ. ಆ ಗೌರವವೇ ಆಕೆಯ ಸಂಬಳಕ್ಕೆ ಬದಲಿಯಾಗಿರುವುದು ನನ್ನನ್ನು ಬಹಳ ಕಾಡುವ ಸಂಗತಿ. ಕೇಂದ್ರದ ಲೆಕ್ಕದಲ್ಲಿ ಆಕೆ ನೌಕರಳಲ್ಲ, ಗೌರವ ಸೇವಕಿ. 2018ರ ಅಕ್ಟೋಬರ್‌ನಲ್ಲಿ ನಿಗದಿಯಾದ ತಿಂಗಳ ಮೊತ್ತ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ. ಉಳಿದದ್ದನ್ನು ರಾಜ್ಯ ಸೇರಿಸಬೇಕು. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಹಗಲೂ ರಾತ್ರಿ ರಸ್ತೆಯಲ್ಲೇ ಕುಳಿತದ್ದೂ ಇಂಥ 'ಉಳಿದದ್ದಕ್ಕಾಗಿ'.

2015ರ ಕಡಿತ ಕಣ್ಣಿಗೆ ಕಾಣುವಂಥದ್ದು, ಅದಕ್ಕೇ ಸುದ್ದಿಯಾಯಿತು, ಅದಕ್ಕೇ ಭಾಗಶಃ ವಾಪಸಾಯಿತು. ಅದಕ್ಕಿಂತ ಅಪಾಯದ್ದು ಸದ್ದಿಲ್ಲದ ಕಡಿತ. ಅದಕ್ಕೆ ಕತ್ತರಿ ಬೇಡ, ಅಂಕಿಯನ್ನು ಮುಟ್ಟದೆ ಬಿಟ್ಟರೆ ಸಾಕು. ಆರು ತಿಂಗಳಿಂದ ಆರು ವರ್ಷದವರೆಗಿನ ಒಂದು ಮಗುವಿನ ಪೂರಕ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 6 ರೂಪಾಯಿ ಇದ್ದದ್ದನ್ನು 2017ರಲ್ಲಿ 8ಕ್ಕೆ ಏರಿಸಿದರು. ಗರ್ಭಿಣಿ ಬಾಣಂತಿಯರಿಗೆ 9 ರೂಪಾಯಿ 50 ಪೈಸೆ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12. ಇದನ್ನು ಕೇಂದ್ರ, ರಾಜ್ಯ ಅರ್ಧರ್ಧ ಭರಿಸುತ್ತವೆ. ಇಪ್ಪತ್ತು ಮಕ್ಕಳ ಕೇಂದ್ರವೊಂದಕ್ಕೆ ದಿನಕ್ಕೆ 160 ರೂಪಾಯಿ ಆಯಿತು. ಅಷ್ಟರಲ್ಲಿ ಪ್ರತಿ ಮಗುವಿಗೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎನ್ನುತ್ತದೆ ನಿಯಮ. 2017ರ ನಂತರ ಬೇಳೆ ಏರಿತು, ಎಣ್ಣೆ ಏರಿತು, ಗ್ಯಾಸ್ ಏರಿತು. ಎಂಟು ಮಾತ್ರ ಎಂಟಾಗಿಯೇ ಉಳಿಯಿತು. ಒಟ್ಟು ಮೊತ್ತದ ಕಥೆಯೂ ಇದೇ. ಅಂಗನವಾಡಿ ಮತ್ತು ಪೋಷಣ್ ಯೋಜನೆಗಳನ್ನು ಒಟ್ಟುಗೂಡಿಸಿದ 2021-22ರಲ್ಲಿ ಕೇಂದ್ರ ಇಟ್ಟದ್ದು 20,105 ಕೋಟಿ, 2025-26ರಲ್ಲಿ 21,960 ಕೋಟಿ. ನಾಲ್ಕು ವರ್ಷಕ್ಕೆ ಶೇ 9ರಷ್ಟು ಏರಿಕೆ. ಬೆಲೆಗಳು ಇದಕ್ಕಿಂತ ಬೇಗ ಓಡಿದವು. 'ಅನುದಾನ ಹೆಚ್ಚಿಸಿದ್ದೇವೆ' ಎಂಬ ಮಾತು ಸುಳ್ಳಲ್ಲ, ಆದರೆ ಆ ಹಣಕ್ಕೆ ಬರುವ ಬೇಳೆ ಕಡಿಮೆಯಾಗಿದೆ.

ಈ ವಾದಕ್ಕೆ ಗಂಭೀರ ಆಕ್ಷೇಪವೊಂದಿದೆ. 14ನೇ ಹಣಕಾಸು ಆಯೋಗ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿತು, ಕೈಗೆ ಹಣ ಕೊಟ್ಟ ಮೇಲೆ ಕೇಂದ್ರವೇ ಯೋಜನೆ ನಡೆಸಬೇಕೇಕೆ ಎಂಬುದು. ತಾತ್ವಿಕವಾಗಿ ನಾನು ಇದನ್ನು ಒಪ್ಪುತ್ತೇನೆ. ತಿ.ನರಸೀಪುರದ ಮಗುವಿಗೆ ಏನು ಬಡಿಸಬೇಕೆಂದು ದೆಹಲಿ ನಿರ್ಧರಿಸಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಆ ತಾಲ್ಲೂಕನ್ನೇ. ನಮ್ಮ ರಾಜ್ಯ ಸ್ವಂತ ಹಣ ಹಾಕಿಯೂ ತೋರಿಸಿದೆ: 2013ರಲ್ಲಿ ಕ್ಷೀರಭಾಗ್ಯದ ಹಾಲು, 2017ರಲ್ಲಿ ಗರ್ಭಿಣಿಯರಿಗೆ ಮಾತೃಪೂರ್ಣದ ಬಿಸಿಯೂಟ. ಆದರೆ ಮಕ್ಕಳ ಹೆಸರಿಗೆ ಕಟ್ಟಿಟ್ಟ ಹಣ ಒಂದು, ಯಾವುದಕ್ಕೂ ಬಳಸಬಹುದಾದ ಹಣ ಇನ್ನೊಂದು. ಎರಡನೆಯದಕ್ಕೆ ರಸ್ತೆ ಗುತ್ತಿಗೆ, ಬಾಕಿ ಬಿಲ್ಲು, ನೀರಾವರಿ ಎಲ್ಲವೂ ಕೈ ಚಾಚುತ್ತವೆ, ಆ ಸಾಲಿನಲ್ಲಿ ಮೂರು ವರ್ಷದ ಮಗುವಿನ ದನಿ ಕೇಳುವುದಿಲ್ಲ. ಜೊತೆಗೆ ಕೊಟ್ಟದ್ದು ಕೊಟ್ಟ ಹಾಗೆಯೇ ಉಳಿಯುವುದೂ ಇಲ್ಲ. 15ನೇ ಆಯೋಗದಲ್ಲಿ, ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ 3.65ಕ್ಕೆ ಇಳಿಯಿತು. ಜವಾಬ್ದಾರಿ ಮಾತ್ರ ನಮ್ಮಲ್ಲೇ ಉಳಿಯಿತು.

ಸೋರಿಕೆಯ ಮಾತೂ ಬರುತ್ತದೆ. ತೂತು ಕೊಡಕ್ಕೆ ನೀರು ಯಾಕೆ ಎನ್ನುತ್ತಾರೆ. ಸೋರಿಕೆ ನಿಜ. ಆದರೆ ಹಣ ಕಡಿಮೆಯಾದಾಗ ಮೊದಲು ನಿಲ್ಲುವುದು ಸೋರಿಕೆಯಲ್ಲ. ಕದಿಯುವವನು ತನ್ನ ಪಾಲನ್ನು ಮೊದಲೇ ತೆಗೆದಿಡುತ್ತಾನೆ, ಕೊರತೆಯೆಲ್ಲ ಕೊನೆಯಲ್ಲಿ ನಿಂತವರಿಗೆ.

ಹೆಚ್ಚು ತೂಕದ ಆಕ್ಷೇಪ ಸಾಲದ್ದು. ಇಂದು ಸಾಲ ಮಾಡಿ ಖರ್ಚು ಮಾಡಿದರೆ ನಾಳೆ ಇದೇ ಮಕ್ಕಳು ತೀರಿಸಬೇಕಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಯಾವ ಖರ್ಚನ್ನು ಕಡಿಯುತ್ತೇವೆ ಎಂಬುದು ಮುಖ್ಯ. ಬಜೆಟ್ ಪುಸ್ತಕದಲ್ಲಿ ಸಿಮೆಂಟು ಬಂಡವಾಳ ವೆಚ್ಚ, ಮೊಟ್ಟೆ ರಾಜಸ್ವ ವೆಚ್ಚ. ಮೊದಲನೆಯದು ಆಸ್ತಿ, ಎರಡನೆಯದು ತಿಂದು ಮುಗಿಸಿದ್ದು ಎಂದು ಲೆಕ್ಕ. ಈ ವಿಂಗಡಣೆ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವವಿದೆ. ಅಲ್ಲಿ 1999ರಲ್ಲಿ ಶುರುವಾದ ಶ್ಯೂರ್ ಸ್ಟಾರ್ಟ್ ಎಂಬ ಮಕ್ಕಳ ಕೇಂದ್ರಗಳು ಬಡ ಬಡಾವಣೆಗಳ ಎಳೆಯ ಮಕ್ಕಳಿಗೆ, ತಾಯಂದಿರಿಗೆ ಆರೋಗ್ಯ, ಆಟಪಾಠ, ಸಲಹೆ ಎಲ್ಲವನ್ನೂ ಒಂದೇ ಸೂರಿನಡಿ ಕೊಡುತ್ತಿದ್ದವು. 2010ರ ನಂತರದ ಮಿತವ್ಯಯದ ವರ್ಷಗಳಲ್ಲಿ ಅದರ ವೆಚ್ಚದ ಸುಮಾರು ಮೂರನೇ ಎರಡು ಭಾಗ ಹೋಯಿತು, ನೂರಾರು ಕೇಂದ್ರಗಳು ಮುಚ್ಚಿದವು. ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2019ರಲ್ಲಿ ಕಂಡುಕೊಂಡದ್ದು ಗಮನಾರ್ಹ. ಕೇಂದ್ರಗಳಿದ್ದ ಕಡೆ ಒಂದು ವರ್ಷದ ಕೂಸುಗಳು ಆಸ್ಪತ್ರೆ ಸೇರುವುದು ಮೊದಲಿಗೆ ಹೆಚ್ಚಾಗಿತ್ತು, ಅಂದರೆ ಖರ್ಚು ಏರಿತ್ತು. ಮಕ್ಕಳಿಗೆ ಹನ್ನೊಂದು ತುಂಬುವ ಹೊತ್ತಿಗೆ ಆಸ್ಪತ್ರೆ ಸೇರುವುದು ಶೇ 18ರಷ್ಟು ಇಳಿದಿತ್ತು, ಅದರ ಲಾಭ ಹೆಚ್ಚಾಗಿ ಬಡ ಪ್ರದೇಶಗಳಿಗೇ ಸಿಕ್ಕಿತ್ತು. ಖರ್ಚು ಮೊದಲ ವರ್ಷ, ಫಲ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಕೇಂದ್ರ ಮುಚ್ಚಿ ಆಗಿದೆ.

ನಮ್ಮ ಲೆಕ್ಕವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಿಂದಿನ ಸಮೀಕ್ಷೆಯಲ್ಲಿ ಇದು 36.2 ಇತ್ತು, ಅಂದರೆ ಹೆಚ್ಚೇನೂ ಕದಲಿಲ್ಲ. ರಕ್ತಹೀನತೆಯಂತೂ ಶೇ 60.9ರಿಂದ 65.5ಕ್ಕೆ ಏರಿತು. ಇದಕ್ಕೆಲ್ಲ ಬಜೆಟ್ಟೇ ಕಾರಣ ಎನ್ನಲಾಗದು. ನೀರು, ಶೌಚ, ತಾಯಿಯ ವಯಸ್ಸು, ಮನೆಯ ದುಡಿಮೆ ಎಲ್ಲವೂ ಸೇರಿವೆ. ಆದರೆ ಮೂರರಲ್ಲಿ ಒಂದು ಮಗು ಕುಗ್ಗಿರುವ ರಾಜ್ಯದಲ್ಲಿ, ಆ ಮಗುವನ್ನು ದಿನವೂ ಹತ್ತಿರದಿಂದ ನೋಡುವ, ತಕ್ಕಡಿಯಲ್ಲಿ ತೂಗಿ ಬರೆದಿಡುವ ಒಂದೇ ಸರ್ಕಾರಿ ಕೈಯನ್ನು ದುರ್ಬಲ ಮಾಡುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಹಣವೇ ಇಲ್ಲ ಎನ್ನುವುದಾದರೂ, ದರವನ್ನು ಬೆಲೆಗೆ ಜೋಡಿಸುವ ವಿಧಾನ ಗೊತ್ತಿಲ್ಲ ಎನ್ನುವಂತಿಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಸಂಸದರ ವೇತನವನ್ನು 2018ರ ಹಣಕಾಸು ಕಾಯ್ದೆ ಬೆಲೆ ಸೂಚ್ಯಂಕಕ್ಕೆ ಕಟ್ಟಿತು, ಅದರಂತೆ ಅದು 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು. ಶಾಲೆಯ ಬಿಸಿಯೂಟಕ್ಕೂ ಈ ಕ್ರಮವಿದೆ: ಪ್ರಾಥಮಿಕ ತರಗತಿಯ ಮಗುವಿನ ಬೇಳೆ, ತರಕಾರಿ, ಎಣ್ಣೆಯ ದರ ಗ್ರಾಮೀಣ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿಕೊಂಡು 5.45 ರೂಪಾಯಿಯಿಂದ 2024ರ ಡಿಸೆಂಬರ್‌ನಲ್ಲಿ 6.19ಕ್ಕೆ, 2025ರ ಮೇ ತಿಂಗಳಲ್ಲಿ 6.78ಕ್ಕೆ ಏರಿತು. ಎಷ್ಟೋ ಹಳ್ಳಿಗಳಲ್ಲಿ ಅಂಗನವಾಡಿ ಇರುವುದು ಶಾಲೆಯ ಆವರಣದಲ್ಲೇ. ಅಕ್ಕ ಒಂದನೇ ತರಗತಿಯಲ್ಲಿ, ತಮ್ಮ ಪಕ್ಕದ ಅಂಗನವಾಡಿಯಲ್ಲಿ. ಅಕ್ಕನ ತಟ್ಟೆಯ ದರ ಐದೇ ತಿಂಗಳ ಅಂತರದಲ್ಲಿ ಎರಡು ಸಲ ಏರಿದ ಆ ಮೇ ತಿಂಗಳಲ್ಲೂ ತಮ್ಮನದು 2017ರ ಎಂಟು ರೂಪಾಯಿಯೇ ಆಗಿತ್ತು.