ಕಿಟಕಿ ನಾವೇ ಕೂರಿಸಬಹುದೇ?

ಹಳೆಮನೆಯ ದುರಸ್ತಿಗೆ ಕೈಹಾಕಿದಾಗ ಹಣವೆಲ್ಲ ನೆಲಕ್ಕೆ, ಬಣ್ಣಕ್ಕೆ ಹೋಗುತ್ತದೆ. ಕಿಟಕಿಯ ನೆನಪಾಗುವುದು ಕೊನೆಗೆ. ಆದರೆ ಹೊಗೆ, ಸೆಕೆಯ ನಡುವೆ ಅರ್ಧ ದಿನ ಅಡುಗೆಮನೆಯಲ್ಲೇ ಕಳೆಯುವ ಗೃಹಿಣಿಗೆ ಕಿಟಕಿಯ ಬೆಲೆ ಗೊತ್ತು. ಜಡಿಮಳೆಗೆ ಗೋಡೆ ಒದ್ದೆಯಾಗುವುದೂ ಎಷ್ಟೋ ಸಲ ಕಿಟಕಿಯ ಅಂಚಿನಿಂದಲೇ.

ಈಗಿರುವ ಜಾಗಕ್ಕೇ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಕಿಟಕಿ ಕೂರಿಸುವುದಾದರೆ ಮನೆಯ ಇಬ್ಬರು ಸೇರಿ ಮಾಡಬಹುದು. ಕಿಟಕಿಯನ್ನು ಅಗಲಗೊಳಿಸಲು ಮಾತ್ರ ನೀವೇ ಹೊರಡಬೇಡಿ. ಮೇಲಿನ ಗೋಡೆಯ ಭಾರ ಹೊರುವುದು ಲಿಂಟಲ್. ಅದರ ಎರಡೂ ತುದಿಗಳು ಬದಿಯ ಗೋಡೆಯ ಮೇಲೆ ಕೂತಿರುತ್ತವೆ. ಬದಿಯ ಕಲ್ಲು ಕಿತ್ತರೆ ಆಧಾರವೇ ಹೋಗಿ ಗೋಡೆ ಕುಸಿಯಬಹುದು. ಅದು ಅನುಭವಿ ಮೇಸ್ತ್ರಿಯ ಕೆಲಸ. ಮಹಡಿಯ ಕಿಟಕಿಯನ್ನೂ ಅವರಿಗೇ ಬಿಡಿ.

ಅಳತೆ

ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಮೂರು ಕಡೆ ಅಳೆಯಿರಿ. ಅತಿ ಕಡಿಮೆ ಅಳತೆಯನ್ನೇ ಹಿಡಿದು ಅದರಲ್ಲಿ 10 ಮಿ.ಮೀ. ಕಳೆಯಿರಿ. ಅಗಲ 1210, 1205, 1208 ಮಿ.ಮೀ. ಬಂದರೆ ಚೌಕಟ್ಟು 1195 ಮಿ.ಮೀ. ಇರಲಿ. ಮೂಲೆಯಿಂದ ಮೂಲೆಗೂ ಅಳೆದು ನೋಡಿ. ಎರಡು ಅಳತೆಗಳಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಗಾರೆಯಿಂದ ಅಂಚು ಸರಿಪಡಿಸಿ. ಅಡುಗೆಮನೆಗೆ ಪೂರ್ತಿ ತೆರೆಯುವ ಬಾಗಿಲಿನ ಕಿಟಕಿಯೇ ಒಳ್ಳೆಯದು. ಎರಡು ಬಾಗಿಲಿನ ಜಾರುವ ಕಿಟಕಿಯಲ್ಲಿ ಗಾಳಿಗೆ ಅರ್ಧ ಜಾಗ ಮಾತ್ರ ಸಿಗುತ್ತದೆ.

ಕೂರಿಸುವಾಗ

ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ. ಚೌಕಟ್ಟನ್ನಿಟ್ಟು ಸಂದಿಗೆ ಚಕ್ಕೆ ಕೊಟ್ಟು, ಮಟ್ಟ ನೋಡಿ. ನಂತರ ಡ್ರಿಲ್ ಮಾಡಿ. ಸ್ಕ್ರೂಗಳನ್ನು ಅತಿಯಾಗಿ ಬಿಗಿದರೆ ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಪ್ರತಿ ಸ್ಕ್ರೂ ಬಿಗಿದ ಮೇಲೆ ಬಾಗಿಲು ತೆರೆದು ಮುಚ್ಚಿ ನೋಡಿ.

ಹೊರಗಿನ ಸಂದಿಗೆ ಸಿಲಿಕಾನ್ ಸೀಲಂಟ್ ಹಚ್ಚುವ ಮೊದಲು ಧೂಳು ಒರೆಸಿ. ಒದ್ದೆ ಗೋಡೆಗೆ ಅದು ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಸಿ. ಚೌಕಟ್ಟಿನ ಕೆಳಗಿರುವ ಸಣ್ಣ ತೂತುಗಳನ್ನು ಮುಚ್ಚಬೇಡಿ. ಒಳಸೇರಿದ ನೀರು ಹೊರಹೋಗುವುದು ಅವುಗಳಿಂದಲೇ.

ಮರದ ಚೌಕಟ್ಟಾದರೆ ಗೋಡೆಗೆ ತಾಗುವ ಮೈಗೆ ಮೊದಲೇ ಗೆದ್ದಲು ನಿರೋಧಕ ಹಚ್ಚಿ. ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಕೊನೆಗೆ ಹೊರಗಿನಿಂದ ನೀರು ಸುರಿದು ಪರೀಕ್ಷಿಸಿ. ಮಕ್ಕಳಿರುವ ಮನೆಯಲ್ಲಿ ಸರಳು ಹಾಕಿಸದೆ ಕಿಟಕಿ ತೆರೆದಿಡಬೇಡಿ.