ಸೆನ್ಸರ್ ಹತ್ತಿರ ಸುಳ್ಳು ಹೇಳಿಸಿದ್ರೆ ಲಾರಿಗೆ ಪಿಕಪ್ ಬರುತ್ತಾ?

ಅಂಬತ್ತೂರು ಎಸ್ಟೇಟ್‌ನಲ್ಲಿ ಒಂದು ಕಡೆ ನಮ್ಮ ಐಟಿ ಆಫೀಸು, ಪಕ್ಕದಲ್ಲೇ ಗಾಡಿ ಬಿಡಿಭಾಗಗಳ ಶೆಡ್ಡು. ಅಲ್ಲಿನ ಟೀ ಅಂಗಡಿಯಲ್ಲಿ ಹೊಸೂರು ಕಡೆಯ ಲಾರಿ ಡ್ರೈವರ್ ಅಣ್ಣ ಒಬ್ಬರು ಕೇಳಿದ್ರು: "ಟೆಂಪರೇಚರ್ ಸೆನ್ಸರ್ ವೈರಿಗೆ ರೆಸಿಸ್ಟರ್ ಹಾಕಿದ್ರೆ ಪಿಕಪ್ ಬರುತ್ತಂತೆ, ಹೌದಾ ಸಾರ್?"

ಲೆಕ್ಕ ನೋಡೋಣ. ಕೂಲೆಂಟ್ ಸೆನ್ಸರ್ ಒಳಗಿರೋದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ಸಾಮಾನ್ಯವಾಗಿ ಸಿಗೋ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80ಕ್ಕೆ 320, 100ಕ್ಕೆ 186. ಇದಕ್ಕೆ ಸೀರೀಸ್‌ನಲ್ಲಿ 134 ಓಮ್ ಸೇರಿಸಿದ್ರೆ, ನಿಜವಾದ 100 ಡಿಗ್ರಿಯನ್ನು ಇಸಿಯು 80 ಅಂತ ಓದುತ್ತೆ. 120 ಆದಾಗ ಓದೋದು ಸುಮಾರು 90! ಎಂಜಿನ್ ತಣ್ಣಗಿದ್ದಾಗ ಸುಳ್ಳು ಒಂದೆರಡು ಡಿಗ್ರಿ ಅಷ್ಟೇ; ಬಿಸಿ ಏರಿದಷ್ಟೂ ಸುಳ್ಳು ದೊಡ್ಡದಾಗುತ್ತೆ.

ಎಂಜಿನ್ ತಣ್ಣಗಿದೆ ಅಂದುಕೊಂಡ ಇಸಿಯು ಡೀಸೆಲ್ ಬಿಡೋ ಪ್ರಮಾಣ, ಸಮಯ ಬದಲಿಸಬಹುದು. ಸ್ವಲ್ಪ ಚುರುಕಾದ ಹಾಗೆ ಅನ್ನಿಸಲೂಬಹುದು. ಆದರೆ ಡೀಸೆಲ್ ಖರ್ಚು, ಹೊಗೆ ಹೆಚ್ಚಬಹುದು. ಅದೇ ಸೆನ್ಸರ್ ನಂಬಿರೋ ಫ್ಯಾನು, ವಾರ್ನಿಂಗ್ ಲೈಟು ಎರಡೂ ತಡ. ಲೋಡ್ ಹಾಕ್ಕೊಂಡು ಕೃಷ್ಣಗಿರಿಯಿಂದ ಹೊಸೂರಿಗೆ ಏರುವಾಗ ಹೆಡ್ ಗ್ಯಾಸ್ಕೆಟ್ ಹೋದ್ರೆ, ಆ ಟ್ರಿಪ್ಪಿನ ದುಡಿಮೆಯೂ ಹೋಯ್ತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಬಿಸಿಯಾಗಿದೆ ಅಂತ ಅಲರ್ಟ್ ಬಂದ್ರೆ ಅಲರ್ಟನ್ನೇ ತೆಗೆದ ಹಾಗೆ. ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಏರ್ ಫಿಲ್ಟರ್, ಟರ್ಬೊ ಹೋಸ್, ಇಂಜೆಕ್ಟರ್ ತೋರಿಸಿ. ಪಿಕಪ್ ಕಳೆದಿದ್ರೆ ಬಹಳ ಸಲ ಅಲ್ಲೇ ಸಿಗುತ್ತೆ.